ಸ್ಟೋರಿ ಪಾಯಿಂಟ್ ನೋಡಿ ಅಪ್ರೈಸಲ್ ಮಾಡುವುದು ಸರಿಯಾ?

ಸ್ಪ್ರಿಂಟ್ (ಸಾಫ್ಟ್‌ವೇರ್ ಟೀಮಿನ ಕೆಲವು ವಾರಗಳ ಕೆಲಸದ ಕಂತು) ಮುಗಿದಾಗಲೆಲ್ಲ ಮ್ಯಾನೇಜರ್ ಯಾರು ಎಷ್ಟು ಸ್ಟೋರಿ ಪಾಯಿಂಟ್ (ಒಂದು ಕೆಲಸ ಎಷ್ಟು ದೊಡ್ಡದು ಅಂತ ಮೊದಲೇ ಅಂದಾಜಿಸಿ ಕೊಡುವ ಅಂಕ) ಮುಗಿಸಿದರು ಅಂತ ಪಟ್ಟಿ ಕಳಿಸುತ್ತಾರೆ, ಅದೇ ಅಪ್ರೈಸಲ್‌ಗೂ ಹೋಗುತ್ತದೆ, ಇದು ಸರಿಯಾ ಅಂತ ಕೇಳಿದ್ದೀರಿ. ಸರಿಯಲ್ಲ. ಆ ತಪ್ಪು ನಾನೇ ಮಾಡಿದ್ದೇನೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನು ಬಳ್ಳಾರಿಯ ಮನೆಯಿಂದಲೇ ಏಳು ಜನರ ಟೀಮ್ ನೋಡಿಕೊಳ್ಳುತ್ತೇನೆ. ನಮ್ಮ ಚಿಕ್ಕಪ್ಪ ಇಲ್ಲೇ ಜೀನ್ಸ್ ಹೊಲಿಯುತ್ತಾರೆ, ಪೀಸ್ ಲೆಕ್ಕದಲ್ಲಿ ದುಡ್ಡು. ಸಂಜೆ ಎಣಿಸಿದರೆ ಮುಗಿಯಿತು. ನಾನೂ ಹಾಗೇ ಎಣಿಸಲು ಹೋದೆ. ಹೆಸರಿನ ಮುಂದೆ ಪಾಯಿಂಟ್ ಹಾಕಿ ಗ್ರೂಪಿಗೆ ಬಿಟ್ಟೆ.

ಮೂರನೇ ಸ್ಪ್ರಿಂಟಿಗೇ ಆಟ ಶುರು. ಲಾಗಿನ್ ಪುಟದ ಸಣ್ಣ ರಿಪೇರಿಗೆ ಮೊದಲು 2 ಪಾಯಿಂಟ್ ಅನ್ನುತ್ತಿದ್ದವರು ಈಗ ಒಬ್ಬರಾದ ಮೇಲೊಬ್ಬರು 5 ಅಂದರು. ವೆಲಾಸಿಟಿ, ಅಂದರೆ ಒಂದು ಸ್ಪ್ರಿಂಟಿನಲ್ಲಿ ಮುಗಿಯುವ ಒಟ್ಟು ಪಾಯಿಂಟ್, ಏರಿತು, ಕೆಲಸ ಇದ್ದಷ್ಟೇ ಇತ್ತು. ಪಟ್ಟಿಯ ಕೊನೆಯಲ್ಲಿ ಯಾರಿದ್ದರು ಗೊತ್ತಾ? ಎಲ್ಲರ ಕೋಡ್ ನೋಡಿಕೊಡುತ್ತಿದ್ದ, ಹೊಸಬರು ಸಿಕ್ಕಿಹಾಕಿಕೊಂಡರೆ ಪಕ್ಕ ಕೂತು ಬಿಡಿಸುತ್ತಿದ್ದ ಸೀನಿಯರ್ ಮೇಡಂ. ಅದಕ್ಕೆಲ್ಲ ಪಾಯಿಂಟ್ ಎಲ್ಲಿದೆ? ಆಮೇಲಾಮೇಲೆ ಅವರೂ "ನನ್ನ ಟಿಕೆಟ್ ಬಾಕಿ ಇದೆ, ನಾಳೆ ನೋಡೋಣ" ಅನ್ನತೊಡಗಿದರು. ಟಿಕೆಟ್ ಅಂದರೆ ಒಬ್ಬರ ಹೆಸರಿಗೆ ಬರೆದಿಟ್ಟ ಕೆಲಸ.

ಊಟಕ್ಕೆ ಕೂತಾಗ ಚಿಕ್ಕಪ್ಪನಿಗೆ ಹೇಳಿದರೆ ನಕ್ಕುಬಿಟ್ಟರು. "ನಾವು ಹೊಲಿದ ಪ್ಯಾಂಟ್ ಎಣಿಸ್ತೀವೋ ತಮ್ಮಾ. ನೀವು ಹೊಲಿಯೋಕೆ ಮುಂಚೆನೇ ಎಣಿಸ್ತೀರಲ್ಲ!"

ವಿಷಯ ಅಷ್ಟೇ. ಪಾಯಿಂಟ್ ಅನ್ನುವುದು ಮುಂದಿನ ಸ್ಪ್ರಿಂಟಿಗೆ ಎಷ್ಟು ಹಿಡಿಸುತ್ತದೆ ಅಂತ ಟೀಮ್ ತನಗಾಗಿ ಹಾಕಿಕೊಳ್ಳುವ ಅಂದಾಜು. ಅದಕ್ಕೆ ಸಂಬಳ ಕಟ್ಟಿದರೆ ಅಂದಾಜೇ ಸುಳ್ಳಾಗುತ್ತದೆ. ಹಣಕಾಸು ನೀತಿಯ ಅಂಕಿಗಳ ಬಗ್ಗೆ ಚಾರ್ಲ್ಸ್ ಗುಡ್‌ಹಾರ್ಟ್ ಎಂಬ ಬ್ರಿಟಿಷ್ ಅರ್ಥಶಾಸ್ತ್ರಜ್ಞರು 1975ರಲ್ಲೇ ಹೆಚ್ಚುಕಮ್ಮಿ ಇದನ್ನೇ ಹೇಳಿದ್ದರು. ಈ ಸ್ಪ್ರಿಂಟ್ ಥರದ ಕೆಲಸದ ರೀತಿಗೆ ಬುನಾದಿಯಾದ 2001ರ ಅಜೈಲ್ ಮ್ಯಾನಿಫೆಸ್ಟೋದ ತತ್ವಗಳಲ್ಲೂ ಪ್ರಗತಿಯ ಮುಖ್ಯ ಅಳತೆ ಅಂತ ಇರುವುದು ಕೆಲಸ ಮಾಡುವ ಸಾಫ್ಟ್‌ವೇರ್.

ಮ್ಯಾನೇಜರ್ ಜೊತೆ ಸುಮ್ನೆ ಜಗಳಕ್ಕೆ ಇಳಿಯಬೇಡಿ. ಅವರೂ ಮೇಲಿನವರಿಗೆ ಏನಾದರೂ ತೋರಿಸಬೇಕಲ್ವಾ? ಟಿಕೆಟ್ ಕೈಗೆತ್ತಿಕೊಂಡ ಮೇಲೆ ಮುಗಿಯಲು ಎಷ್ಟು ದಿನ, ರಿಲೀಸ್ ಆದ ಮೇಲೆ ಎಷ್ಟು ಬಗ್ ಬಂತು, ಇವನ್ನು ಕೊಡಿ. ಇಡೀ ಟೀಮಿನದ್ದಾಗಿ ಕೊಡಿ, ಹೆಸರು ಬೇಡ. ಯಾವ ಅಂಕಿ ತೆಗೆಯುತ್ತೀರಿ, ಯಾರು ನೋಡುತ್ತಾರೆ ಅನ್ನುವುದು ಟೀಮಿಗೆ ಮೊದಲೇ ಗೊತ್ತಿರಲಿ. ಅಪ್ರೈಸಲ್‌ಗೆ ಮಾತ್ರ ಎದುರು ಕೂತು ಮಾತಾಡಲೇಬೇಕು.

ನಾನು ಪಟ್ಟಿ ನಿಲ್ಲಿಸಿ, ರೆಟ್ರೋದಲ್ಲಿ (ಸ್ಪ್ರಿಂಟ್ ಮುಗಿದ ಮೇಲೆ ಏನು ಸರಿ, ಏನು ತಪ್ಪು ಅಂತ ಮಾತಾಡುವ ಸಭೆ) ಎಲ್ಲರ ಮುಂದೆ ಕ್ಷಮೆ ಕೇಳಿದೆ. ಲಾಗಿನ್ ರಿಪೇರಿ 5ರಿಂದ ಮತ್ತೆ 2ಕ್ಕೆ ಇಳಿಯಲು ಇನ್ನೂ ನಾಲ್ಕು ಸ್ಪ್ರಿಂಟ್ ಹಿಡಿಯಿತು.