ಅಪ್ಪನ ಟ್ರಂಕಿನ ಫೋಟೊ ಹಾಕಿದ್ದು ತಪ್ಪಾಯ್ತಾ?

ಪ್ರಶ್ನೆ: ನಾನು ಚಿಂತಾಮಣಿ ತಾಲ್ಲೂಕಿನವಳು. ಅಪ್ಪ ನಮ್ಮೂರ ಶಾಲೆಯಲ್ಲೇ ಮೇಷ್ಟ್ರಾಗಿದ್ದರು. ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಶಾಲೆಯ ಹಳೇ ಫೋಟೊಗಳು ಸಿಕ್ಕವು. ಗ್ರೂಪ್ ಫೋಟೊ, ಸ್ಕೂಲ್ ಡೇ ನಾಟಕ, ಕೈವಾರ ಮತ್ತು ನಂದಿಬೆಟ್ಟದ ಪ್ರವಾಸ, ಎಲ್ಲ ಇವೆ. ಮೊಬೈಲಿನಲ್ಲಿ ತೆಗೆದು ಫೇಸ್‌ಬುಕ್ಕಿಗೆ ಹಾಕಿದೆ. ಊರವರೆಲ್ಲ ಖುಷಿಪಟ್ಟರು. 1984ರ ಏಳನೇ ಕ್ಲಾಸಿನ ಗ್ರೂಪ್ ಫೋಟೊ ಮಾತ್ರ ತಲೆನೋವಾಗಿದೆ. ಅದರಲ್ಲಿರುವ ನನ್ನ ಕ್ಲಾಸ್‌ಮೇಟ್ ಒಬ್ಬಳು ಬೆಂಗಳೂರಿನಿಂದ ಫೋನ್ ಮಾಡಿ ‘ದಯವಿಟ್ಟು ತೆಗೆದುಬಿಡು’ ಅಂದಳು. ಫೋಟೊ ಕೆಳಗೆ ಯಾರೋ ‘ಇವಳ ಅಮ್ಮ ನಮ್ಮನೇಲಿ ಪಾತ್ರೆ ತಿಕ್ಕೋರು, ಇವಳು ಹರಕಲು ಲಂಗದಲ್ಲೇ ಸ್ಕೂಲಿಗೆ ಬರ್ತಿದ್ದಳು’ ಅಂತ ಬರೆದಿದ್ದರು. ಆ ಕಾಮೆಂಟ್ ಅಳಿಸಿದೆ. ಆದರೂ ಫೋಟೊನೇ ಬೇಡ ಅನ್ನುತ್ತಾಳೆ. ಇನ್ನೊಂದು ಕಡೆ, ಅದೇ ಫೋಟೊದಲ್ಲಿರುವ ಹುಡುಗನೊಬ್ಬ ಮಾರನೇ ವರ್ಷವೇ ತೀರಿಕೊಂಡ. ಅವರಮ್ಮನ ಹತ್ತಿರ ಅವನದು ಒಂದೂ ಫೋಟೊ ಇರಲಿಲ್ಲ. ಈಗ ಮೊಮ್ಮಗನ ಫೋನಿನಲ್ಲಿ ದಿನಾ ಇದನ್ನೇ ನೋಡುತ್ತಾರಂತೆ, ತೆಗೀಬೇಡಮ್ಮ ಅಂತ ಹೇಳಿ ಕಳಿಸಿದ್ದಾರೆ. ನನ್ನ ತಮ್ಮನೋ ‘ಅಪ್ಪನ ಫೋಟೊ, ನಮ್ಮ ಹಕ್ಕು, ಇದು ಊರಿನ ಇತಿಹಾಸ, ಎಲ್ಲವನ್ನೂ ವಿಕಿಪೀಡಿಯದವರ ಫೋಟೊ ಭಂಡಾರ ವಿಕಿಮೀಡಿಯ ಕಾಮನ್ಸ್‌ಗೂ ಹಾಕೋಣ’ ಅನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ಆ ಗ್ರೂಪ್ ಫೋಟೊವನ್ನು ಫೇಸ್‌ಬುಕ್ಕಿನಿಂದ ಇವತ್ತೇ ತೆಗೆದುಬಿಡಿ ಮೇಡಂ. ಮಿಕ್ಕಿದ್ದನ್ನು ಆಮೇಲೆ ಯೋಚಿಸಬಹುದು.

ಅಳಿಸುವ ಮುಂಚೆ ಒಂದು ಸಣ್ಣ ಕೆಲಸ ಇದೆ. ‘ಎರಡನೇ ಸಾಲಲ್ಲಿ ಎಡದಿಂದ ಮೂರನೆಯವನು ಇಂಥವರ ಮಗ, ಕೂತಿರೋರು ಡ್ರಿಲ್ ಮೇಷ್ಟ್ರು’ ಅಂತೆಲ್ಲ ಊರವರು ಕೆಳಗೆ ಬರೆದಿರುತ್ತಾರಲ್ವಾ, ಅದನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಪೋಸ್ಟ್ ಹೋದರೆ ಕಾಮೆಂಟುಗಳೂ ಜೊತೆಗೇ ಹೋಗುತ್ತವೆ. ಹೆಸರು ಹೇಳಬಲ್ಲವರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಾರೆ. ಆ ಹೆಸರುಗಳು ಮತ್ತೆ ಸಿಗೋದು ಕಷ್ಟ.

ಆಮೇಲೆ ಆಕೆಗೆ ಫೋನ್ ಮಾಡಿ. ‘ತೆಗೆದಿದ್ದೀನಿ ಕಣೇ, ಕೇಳದೆ ಹಾಕಬಾರದಿತ್ತು’ ಅನ್ನಿ, ಸಾಕು. ಯಾಕೆ ಬೇಡ ಅಂತ ಕೇಳಬೇಡಿ. ಅಷ್ಟು ಚೆನ್ನಾಗಿದ್ದೀಯಲ್ಲೇ ಅದರಲ್ಲಿ, ಬಡತನದಲ್ಲಿ ನಾಚಿಕೆ ಏನು ಅಂತ ಸಮಾಧಾನ ಹೇಳಲೂ ಹೋಗಬೇಡಿ. ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯ ಊಹಿಸುತ್ತೇನೆ. ಆ ಫೋಟೊದಲ್ಲಿ ನೀವೂ ಇದ್ದೀರಿ. ಮೇಷ್ಟ್ರ ಮಗಳು, ಬಹುಶಃ ಇಸ್ತ್ರಿ ಮಾಡಿದ ಯೂನಿಫಾರ್ಮು, ಕಾಲಿಗೆ ಚಪ್ಪಲಿ. ಅದನ್ನು ನೋಡಿದಾಗ ನಿಮಗೆ ಅಪ್ಪ ನೆನಪಾಗುತ್ತಾರೆ, ಬಾಲ್ಯ ನೆನಪಾಗುತ್ತೆ. ಆಕೆಗೆ ನೆನಪಾಗುವುದು ಬೇರೆ. ನಲವತ್ತು ವರ್ಷದಲ್ಲಿ ಆಕೆ ಎಷ್ಟೋ ದೂರ ಬಂದಿದ್ದಾರೆ, ಆ ದಿನಗಳ ಬಗ್ಗೆ ಯಾರಿಗೆ ಎಷ್ಟು ಹೇಳಬೇಕು ಅಂತ ಅವರೇ ತೀರ್ಮಾನ ಮಾಡಿಕೊಂಡು ಬಂದಿದ್ದಾರೆ. ಯಾರೋ ಪುಣ್ಯಾತ್ಮ ಎರಡು ಸಾಲಿನಲ್ಲಿ ಅದನ್ನು ಅವರ ಕೈಯಿಂದ ಕಿತ್ತುಕೊಂಡ. ಕಾಮೆಂಟ್ ಅಳಿಸಿದರೂ ಓದಿದವರು ಓದಿ ಆಯ್ತು. ಫೋಟೊ ಅಲ್ಲೇ ಇದ್ದರೆ ಮತ್ತೊಬ್ಬ ಬಂದು ಅದನ್ನೇ ಬರೆಯಬಹುದು.

ಇನ್ನೊಂದು ಮಾತು. ‘ಇನ್ನು ಎಲ್ಲೂ ಇಲ್ಲ’ ಅಂತ ಭರವಸೆ ಕೊಡಬೇಡಿ. ಯಾರ್ಯಾರು ಡೌನ್‌ಲೋಡ್ ಮಾಡಿಕೊಂಡಿದ್ದಾರೋ, ಯಾವ ವಾಟ್ಸ್ಯಾಪ್ ಗ್ರೂಪಿಗೆ ಹೋಗಿದೆಯೋ ಯಾರಿಗೆ ಗೊತ್ತು? ಇದ್ದದ್ದು ಇದ್ದ ಹಾಗೆ ಹೇಳಿ. ಆ ಕಾಮೆಂಟ್ ಬರೆದವರಿಗೂ ಒಂದು ಮಾತು ಹೇಳಲೇಬೇಕು, ಆದರೆ ಫೋನಿನಲ್ಲಿ. ನಾಲ್ಕು ಜನರ ಮುಂದೆ ಬೈದರೆ ಆಕೆಯ ಹೆಸರೇ ಮತ್ತೆ ಎಲ್ಲರ ಬಾಯಿಗೆ ಬರುತ್ತೆ.

ಇನ್ನು ಆ ತಾಯಿ. ಅವರಿಗೆ ಫೇಸ್‌ಬುಕ್ ಬೇಕಿಲ್ಲ, ಮಗನ ಮುಖ ಬೇಕು. ಫೇಸ್‌ಬುಕ್ಕಿನಲ್ಲಿರುವುದಕ್ಕಿಂತ ಎಷ್ಟೋ ಒಳ್ಳೆಯದನ್ನು ನೀವು ಕೊಡಬಹುದು. ಮೊಬೈಲಿನಲ್ಲಿ ತೆಗೆದದ್ದು ಬೇಡ, ಅದರಲ್ಲಿ ಬೆಳಕು ಮಿಂಚುತ್ತೆ, ಅಂಚು ಸೊಟ್ಟಗಾಗುತ್ತೆ. ಗಾಜಿನ ಮೇಲೆ ಮಲಗಿಸಿ ಮಾಡುವ ಫ್ಲಾಟ್‌ಬೆಡ್ ಸ್ಕ್ಯಾನರ್ ಇರುವವರ ಹತ್ತಿರ ಹೋಗಿ. ಕಾಗದವನ್ನು ಒಳಗೆ ಎಳೆದುಕೊಳ್ಳುವ ಮೆಷಿನ್ನಿಗೆ ಮಾತ್ರ ಹಳೇ ಫೋಟೊ ಕೊಡಲೇಬೇಡಿ. ಗ್ರೂಪ್ ಫೋಟೊದಲ್ಲಿ ಒಂದು ಮುಖ ಅಂದರೆ ಹೆಚ್ಚುಕಮ್ಮಿ ಆರು ಮಿಲಿಮೀಟರ್ ಇರುತ್ತೆ, ಕಡಲೆಕಾಳಿಗಿಂತ ಚಿಕ್ಕದು. 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯಂತೆ, ಸ್ಕ್ಯಾನ್ ಮಾಡಿದರೆ ಆ ಮುಖಕ್ಕೆ ಅಡ್ಡಕ್ಕೆ ಎಪ್ಪತ್ತು ಚುಕ್ಕೆ ಸಿಗುತ್ತೆ ಅಷ್ಟೆ, ದೊಡ್ಡದು ಮಾಡಿದರೆ ಚೌಕ ಚೌಕ ಕಾಣುತ್ತೆ. 1200 ಅಂತ ಕೇಳಿ, ಮುನ್ನೂರರ ಹತ್ತಿರ ಬರುತ್ತೆ. ಚಿತ್ರದ ವಿವರ ಕಳೆಯದೆ ಉಳಿಸುವ ಟಿಫ್ (TIFF) ಫೈಲ್ ಮಾಡಿಸಿ ಇಟ್ಟುಕೊಳ್ಳಿ. ಅದರಲ್ಲಿ ಹುಡುಗನ ಮುಖವಷ್ಟನ್ನೇ ಬಿಡಿಸಿ, ಪೋಸ್ಟ್‌ಕಾರ್ಡಿಗಿಂತ ದೊಡ್ಡದು ಮಾಡದೆ, ಪ್ರಿಂಟ್ ಹಾಕಿಸಿ ಫ್ರೇಮು ಕಟ್ಟಿಸಿ ಕೊಡಿ. ಫೋನಿಗೂ ಬೇಕು ಅಂದರೆ ವಾಟ್ಸ್ಯಾಪಿನಲ್ಲಿ ಫೋಟೊ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲದಿದ್ದರೆ ಅದು ಹಿಂಡಿ ಚಿಕ್ಕದು ಮಾಡಿಬಿಡುತ್ತೆ.

ಮಸುಕಾದ ಮುಖವನ್ನು ಫಳಫಳ ಮಾಡಿಕೊಡುವ ಆ್ಯಪ್‌ಗಳ ಗೋಜಿಗೆ ಹೋಗಬೇಡಿ. ಫೋಟೊದಲ್ಲಿ ಇಲ್ಲದ ರೆಪ್ಪೆ, ಇಲ್ಲದ ಹಲ್ಲು, ಎಲ್ಲ ಅಂದಾಜಿನ ಮೇಲೆ ಬರೆದುಕೊಡುತ್ತವೆ. ಮಗನ ಮುಖ ಅಂತ ಆ ತಾಯಿ ದಿನಾ ಬೇರೆ ಯಾರನ್ನೋ ನೋಡುವ ಹಾಗಾಗಬಾರದು. ಮಸುಕಾಗಿದ್ದರೂ ಅವನೇ ಇರಲಿ.

ನಿಮ್ಮ ತಮ್ಮನ ವಾದಕ್ಕೆ ಬರೋಣ. ಟ್ರಂಕಿನಲ್ಲಿದ್ದ ಕಾಗದ ನಿಮ್ಮದು ನಿಜ. ಅದರಿಂದ ಕಾಪಿರೈಟ್ ನಿಮ್ಮದಾಗುವುದಿಲ್ಲ. 1957ರ ಕಾಯ್ದೆಯ ಪ್ರಕಾರ ದುಡ್ಡು ಕೊಟ್ಟು ಫೋಟೊ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಕ್ಕು ತೆಗೆಸಿದವರದ್ದು. ಗ್ರೂಪ್ ಫೋಟೊಗೆ ಮಕ್ಕಳ ಹತ್ತಿರ ದುಡ್ಡು ಸೇರಿಸಿದ್ದು, ಸ್ಟುಡಿಯೋದವರನ್ನು ಕರೆಸಿದ್ದು ಶಾಲೆ. ಅಪ್ಪ ಅದರಲ್ಲಿ ಕುರ್ಚಿ ಮೇಲೆ ಕೂತಿದ್ದರು ಅಷ್ಟೆ. ಕಾಮನ್ಸ್‌ನಲ್ಲಿ ಹಾಕಿದ್ದನ್ನು ಯಾರು ಬೇಕಾದರೂ ಬಳಸಬಹುದು, ವ್ಯಾಪಾರಕ್ಕೂ ಸರಿ. ಕೊಟ್ಟ ಅನುಮತಿಯನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಹಾಗಾಗಿ ಗ್ರೂಪ್ ಫೋಟೊ ಅಲ್ಲಿಗೆ ಬೇಡವೇ ಬೇಡ. ಅಪ್ಪ ಸ್ವಂತ ಕ್ಯಾಮೆರಾದಲ್ಲಿ ತೆಗೆದದ್ದು ಏನಾದರೂ ಇದ್ದರೆ, ಶಾಲೆಯ ಹೆಂಚಿನ ಕಟ್ಟಡವೋ, ಕೈವಾರದ ಬೆಟ್ಟವೋ, ಅದರ ಹಕ್ಕು ವಾರಸುದಾರರಿಗೆ ಬರುತ್ತೆ. ಮನೆಯವರೆಲ್ಲ ಒಪ್ಪಿ ಅದನ್ನು ಧಾರಾಳವಾಗಿ ಹಾಕಲಿ. ತಮ್ಮನ ಹುಮ್ಮಸ್ಸಿಗೆ ಅಷ್ಟು ಕೆಲಸ ಸಾಕಷ್ಟಾಯಿತು.

ಇತಿಹಾಸ ಅನ್ನುವ ಮಾತಿನಲ್ಲಿ ಹುರುಳಿದೆ, ಇಲ್ಲ ಅನ್ನಲಾರೆ. ನಿಮ್ಮ ಟ್ರಂಕಿನಲ್ಲಿ ಉಪ್ಪಿಟ್ಟಿಗೆ ತಟ್ಟೆ ಹಿಡಿದು ಸಾಲಾಗಿ ನಿಂತ ಮಕ್ಕಳ ಫೋಟೊ ಇದ್ದರೆ ಅದು ಬೆಲೆಬಾಳುವಂಥದ್ದು. ಅಕ್ಷರ ದಾಸೋಹ ಬರುವ ಮುಂಚೆ ಶಾಲೆಯಲ್ಲಿ ಏನು ಕೊಡುತ್ತಿದ್ದರು ಅಂತ ಇವತ್ತಿನ ಮಕ್ಕಳಿಗೆ ಗೊತ್ತಿಲ್ಲ. ಆದರೆ ಅಂಥದ್ದಕ್ಕೆ ಮಕ್ಕಳ ಹೆಸರು ಯಾಕೆ? ಊರು, ಇಸವಿ ಇದ್ದರೆ ಸಾಕು. ಮುಖ ಚೆನ್ನಾಗಿ ಗುರುತು ಸಿಗುವಂತಿದ್ದರೆ ಅದನ್ನೂ ಹೊರಗೆ ಹಾಕಬೇಡಿ. ಹುಡುಗಿಯರ ಡ್ಯಾನ್ಸಿನ ಫೋಟೊಗಳನ್ನೂ ಅಷ್ಟೆ, ಕೇಳದೆ ಹಾಕಬೇಡಿ. ಗ್ರೂಪ್ ಫೋಟೊಗಳು ಆಯಾ ಬ್ಯಾಚಿನವರು ಮಾತ್ರ ಇರುವ ಗುಂಪಿಗೆ ಹೋಗಲಿ, ಒಬ್ಬರಿಗೊಬ್ಬರು ಗೊತ್ತಿರುವ ಕಡೆ. ಹಾಕುವ ಮೊದಲು ಒಂದು ಮಾತು, ‘ಯಾರಿಗಾದರೂ ಬೇಡ ಅನ್ನಿಸಿದರೆ ನನಗೆ ಮಾತ್ರ ಹೇಳಿ, ಕಾರಣ ಬೇಕಿಲ್ಲ’ ಅಂತ.

ಸ್ಕ್ಯಾನ್ ಮಾಡಿಸುವಾಗ ಫೋಟೊ ಅಂಟಿಸಿದ ರಟ್ಟನ್ನೂ ಸೇರಿಸಿ ಮಾಡಿಸಿ. ಅಚ್ಚುಕಟ್ಟಾಗಿ ಕಾಣಲಿ ಅಂತ ಅದನ್ನು ಕತ್ತರಿಸಿ ಹಾಕುವವರೇ ಜಾಸ್ತಿ. ಆ ರಟ್ಟಿನ ಮೇಲೆ ‘ಚಿಂತಾಮಣಿ, ಕೋಲಾರ ಜಿಲ್ಲೆ’ ಅಂತ ಇದ್ದರೆ ತಿದ್ದಬೇಡಿ. ಚಿಂತಾಮಣಿ ಈಗಿರುವ ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದೇ 2007ರಲ್ಲಿ. ಇಸವಿ ಅಳಿಸಿಹೋದ ಫೋಟೊಗಳಿಗೆ ಇಂಥ ಒಂದು ಸಾಲೇ ಸಾಕ್ಷಿ. ರಟ್ಟಿನಿಂದ ಫೋಟೊ ಬಿಡಿಸುವ ಸಾಹಸವೂ ಬೇಡ, ಹರಿದಲ್ಲಿ ಸೆಲ್ಲೋಟೇಪ್ ಬೇಡ, ಹಿಂದೆ ಬಾಲ್‌ಪೆನ್ನಿನಲ್ಲಿ ಬರೆಯುವುದು ಬೇಡ. ಬರೆಯಲೇಬೇಕಾದರೆ ಮೆತ್ತನೆ ಪೆನ್ಸಿಲ್, ಅದೂ ಹಗುರವಾಗಿ.

ನಿಮ್ಮ ಸ್ಕ್ಯಾನ್ ಪ್ರತಿಯಲ್ಲಿ ಆಕೆಯ ಮುಖ ಅಳಿಸುವುದೋ ಮಸುಕು ಮಾಡುವುದೋ ಮಾಡಬೇಡಿ, ಅದು ಇಡಿಯಾಗೇ ಇರಲಿ. ಯಾರಿಗೆ ತೋರಿಸುತ್ತೀರಿ ಅನ್ನುವುದಷ್ಟೇ ನಿಮ್ಮ ಕೈಯಲ್ಲಿರುವ ವಿಷಯ. ಬ್ಯಾಚಿನ ಗುಂಪಿಗೂ ಬೇಡ ಅಂತ ಆಕೆ ಹೇಳಿದರೆ ಅದಕ್ಕೂ ಸೈ ಅನ್ನಿ. ಆ ತಾಯಿಯ ವಿಷಯ ಮಾತ್ರ ಆಕೆಗೆ ತಿಳಿಸಿ. ಆ ಹುಡುಗ ಆಕೆಯ ಕ್ಲಾಸಿನವನೇ ತಾನೆ, ಅವನ ಮುಖವಷ್ಟೇ ಇರುವ ಪ್ರಿಂಟಿಗೆ ಆಕೆ ಬೇಡ ಅನ್ನಲಿಕ್ಕಿಲ್ಲ.