ಲಿನಕ್ಸ್ ಮಿಂಟ್ ಲಾಗಿನ್ ಪರದೆಯಲ್ಲಿ ನಮ್ ಲಾಕ್ ತಾನಾಗಿಯೇ ಆನ್ ಆಗಲು ಏನು ಮಾಡಬೇಕು?

ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ ತಂತ್ರಾಂಶ) ನಮ್ ಲಾಕ್, ಅಂದರೆ ನಂಬರ್ ಪ್ಯಾಡಿನಲ್ಲಿ ಅಂಕಿ ಬರುವಂತೆ ಮಾಡುವ ಕೀ, ಆನ್ ಮಾಡಿಟ್ಟಿದ್ದೀರಿ. ಕಂಪ್ಯೂಟರ್ ಶುರುವಾದಾಗ ದೀಪ ಹತ್ತುತ್ತದೆ, ಲಾಗಿನ್ ಪರದೆ ಬರುವಷ್ಟರಲ್ಲಿ ಆರಿರುತ್ತದೆ. ಅಂಕಿಗಳ ಪಾಸ್‌ವರ್ಡನ್ನು ಬಲಗಡೆಯ ನಂಬರ್ ಪ್ಯಾಡಿನಲ್ಲಿ ಒತ್ತಿದರೆ ತಗೊಳ್ಳುವುದಿಲ್ಲ. ಇದಲ್ಲವೇ ನಿಮ್ಮ ಪ್ರಶ್ನೆ? ಕೀಬೋರ್ಡ್ ಕೆಟ್ಟಿಲ್ಲ, ಬದಲಾಯಿಸಲು ಹೋಗಬೇಡಿ. ಬಯಾಸನ್ನೂ ಮತ್ತೆ ಕೆದಕಬೇಡಿ.

ಬಯಾಸ್, ಕರ್ನಲ್ (ಲಿನಕ್ಸ್‌ನ ತಿರುಳು), ಲಾಗಿನ್ ಪರದೆ, ಡೆಸ್ಕ್‌ಟಾಪ್ ಒಂದರ ನಂತರ ಒಂದು ಕೀಬೋರ್ಡನ್ನು ಕೈಗೆತ್ತಿಕೊಳ್ಳುತ್ತವೆ. ಹಗಲು ಪಾಳಿಯವನು ಹಚ್ಚಿಟ್ಟ ದೀಪವನ್ನು ರಾತ್ರಿ ಪಾಳಿಯವನು ಬಂದು ಆರಿಸಿದ ಹಾಗೆ, ಹಿಂದಿನದು ಏನು ಮಾಡಿತ್ತೆಂದು ಮುಂದಿನದು ಲೆಕ್ಕಕ್ಕಿಡಬೇಕೆಂದೇನಿಲ್ಲ. ಆದ್ದರಿಂದ ಸರಿಪಡಿಸಬೇಕಾದ್ದು ನಿಮಗೆ ಅಂಕಿ ಬೇಕಾಗುವ ಜಾಗದಲ್ಲಿ, ಅಂದರೆ ಲಾಗಿನ್ ಪರದೆಯಲ್ಲಿ.

ಮೊದಲು ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ‘ನಮ್‌ಲಾಕ್‌ಎಕ್ಸ್’ ಎಂಬ ಪ್ಯಾಕೇಜ್ ಹುಡುಕಿ (ಇಂಗ್ಲಿಷಿನಲ್ಲಿ ಎಲ್ಲ ಸಣ್ಣಕ್ಷರ, ನಡುವೆ ಸ್ಪೇಸ್ ಇಲ್ಲ, ಕೊನೆಗೊಂದು ಎಕ್ಸ್). ಇನ್‌ಸ್ಟಾಲ್ ಮಾಡಿ. ಆಮೇಲೆ ಮೆನುವಿನ ಅಡ್ಮಿನಿಸ್ಟ್ರೇಶನ್ ವಿಭಾಗದಲ್ಲಿ ‘ಲಾಗಿನ್ ವಿಂಡೋ’ ತೆರೆದು, ಸೆಟ್ಟಿಂಗ್ಸ್ ಟ್ಯಾಬಿನಲ್ಲಿ ‘ಆಕ್ಟಿವೇಟ್ ನಮ್‌ಲಾಕ್’ ಆನ್ ಮಾಡಿ. ಪ್ಯಾಕೇಜ್ ಇಲ್ಲದೆ ಈ ಆಯ್ಕೆ ಕೆಲಸ ಮಾಡುವುದಿಲ್ಲ. ಬಹಳ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಒಮ್ಮೆ ಲಾಗೌಟ್ ಆಗಿ ನೋಡಿ, ಆಮೇಲೆ ಪೂರ್ತಿ ಶಟ್‌ಡೌನ್ ಮಾಡಿಯೂ ನೋಡಿ.

ಲಾಗಿನ್ ಆದ ಮೇಲೆ ದೀಪ ಮತ್ತೆ ಆರಿದರೆ ಡೆಸ್ಕ್‌ಟಾಪಿಗೂ ಹೇಳಬೇಕು. ‘ಸ್ಟಾರ್ಟಪ್ ಅಪ್ಲಿಕೇಶನ್ಸ್’ನಲ್ಲಿ ಹೊಸ ಕಮಾಂಡ್ ಸೇರಿಸಿ: ಅದೇ ಪ್ಯಾಕೇಜಿನ ಹೆಸರು, ಒಂದು ಸ್ಪೇಸ್, ಆಮೇಲೆ ‘ಆನ್’ (ಇದೂ ಇಂಗ್ಲಿಷಿನ ಸಣ್ಣಕ್ಷರದಲ್ಲಿ). ಇದಕ್ಕಾಗಿ ಬೂಟ್ ಸ್ಕ್ರಿಪ್ಟ್ (ಕಂಪ್ಯೂಟರ್ ಶುರುವಾಗುವಾಗ ತಾನಾಗಿ ಓಡುವ ಕಮಾಂಡುಗಳ ಫೈಲ್) ಬರೆಯಿರಿ ಎಂದು ಸಲಹೆ ಕೊಡುವವರೂ ಇದ್ದಾರೆ. ಕೆಲಸವೇನೋ ಆಗಬಹುದು, ಆದರೆ ಇಷ್ಟು ಸಣ್ಣದಕ್ಕೆ ಅದು ಬೇಡವೆಂದು ನನಗನಿಸುತ್ತದೆ.

ಮೇಲೆ ಹೇಳಿದ ಪ್ಯಾಕೇಜ್ ಎಕ್ಸ್11ಗೆ, ಅಂದರೆ ಪರದೆ ಮತ್ತು ಕೀಬೋರ್ಡನ್ನು ನೋಡಿಕೊಳ್ಳುವ ಹಳೆಯ ವ್ಯವಸ್ಥೆಗೆ ಮಾತ್ರ. ಮಿಂಟ್‌ನ ಸಿನಮನ್ ಡೆಸ್ಕ್‌ಟಾಪ್ ಮಾಮೂಲಾಗಿ ಓಡುವುದು ಅದರಲ್ಲೇ, ಹಾಗಾಗಿ ನಿಮಗೆ ಚಿಂತೆಯಿಲ್ಲ. ಅದರ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್ ಬಳಸುವವರು ಡೆಸ್ಕ್‌ಟಾಪಿನ ಸ್ವಂತ ಸೆಟ್ಟಿಂಗನ್ನೇ ಹಿಡಿಯಬೇಕು. ಕೆಡಿಇ ಪ್ಲಾಸ್ಮಾ ಎಂಬ ಡೆಸ್ಕ್‌ಟಾಪಿನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ ಕೀಬೋರ್ಡ್ ಪುಟದಲ್ಲೇ ಅದು ಸಿಗುತ್ತದೆ. ಗ್ನೋಮ್ ಡೆಸ್ಕ್‌ಟಾಪಿನವರು ಡಿಕಾನ್ಫ್ ಎಡಿಟರ್ ಎಂಬ ಸೆಟ್ಟಿಂಗ್ ಬದಲಿಸುವ ಆ್ಯಪಿನಲ್ಲಿ ಆರ್ಗ್, ಗ್ನೋಮ್, ಡೆಸ್ಕ್‌ಟಾಪ್, ಪೆರಿಫೆರಲ್ಸ್, ಕೀಬೋರ್ಡ್ ಎಂದು ಇಳಿದು ‘ನಮ್‌ಲಾಕ್-ಸ್ಟೇಟ್’ ಆನ್ ಮಾಡಬೇಕು. ಆದರೆ ಗ್ನೋಮ್‌ನ ಲಾಗಿನ್ ಪರದೆ ಬೇರೆ ಬಳಕೆದಾರನ ಹೆಸರಿನಲ್ಲಿ ಓಡುವುದರಿಂದ ನಿಮ್ಮ ಖಾತೆಯಲ್ಲಿ ಬದಲಾಯಿಸಿದ್ದು ಅದಕ್ಕೆ ತಲುಪುವುದಿಲ್ಲ.

ಅಷ್ಟಕ್ಕೂ ಈ ಕೀ ಯಾಕಿದೆ? 1981ರ ಐಬಿಎಂ ಪಿಸಿ ಕೀಬೋರ್ಡಿನಲ್ಲಿ ಬೇರೆ ಬಾಣದ ಕೀಗಳೇ ಇರಲಿಲ್ಲ. ನಂಬರ್ ಪ್ಯಾಡೇ ಅಂಕಿ, ಬಾಣ ಎರಡರ ಕೆಲಸವನ್ನೂ ಮಾಡಬೇಕಿತ್ತು. ಬಾಣಗಳು ಬೇರೆಯಾಗಿ ಇಷ್ಟು ವರ್ಷವಾದರೂ ಈ ಕೀ ಮಾತ್ರ ಉಳಿದುಕೊಂಡಿದೆ. ಅದಕ್ಕೇ ನಮ್ ಲಾಕ್ ಆರಿರುವಾಗ ನೀವು ಪ್ಯಾಡಿನಲ್ಲಿ 8 ಒತ್ತಿದರೆ ಮೇಲಿನ ಬಾಣ, 4 ಒತ್ತಿದರೆ ಎಡಬಾಣ. ಪಾಸ್‌ವರ್ಡ್ ಪೆಟ್ಟಿಗೆ ಖಾಲಿ.

ಬೇರೆ ನಂಬರ್ ಪ್ಯಾಡ್ ಇಲ್ಲದ ಹಳೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದನ್ನು ಮಾಡಬೇಡಿ. ಅಂಥ ಕೆಲವದರಲ್ಲಿ ನಮ್ ಲಾಕ್ ಆನ್ ಆದರೆ ಜೆ, ಕೆ, ಎಲ್ ಕೀಗಳು 1, 2, 3 ಆಗಿಬಿಡುತ್ತವೆ, ಎಮ್ ಸೊನ್ನೆಯಾಗುತ್ತದೆ. ಅಕ್ಷರಗಳ ಪಾಸ್‌ವರ್ಡ್ ಇದ್ದರೆ ಒಳಗೆ ಹೋಗುವುದೇ ಕಷ್ಟ.

ಡಿಸ್ಕನ್ನು ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಎನ್‌ಕ್ರಿಪ್ಟ್ ಮಾಡಿಕೊಂಡಿದ್ದರೆ ಅದರ ಪಾಸ್‌ವರ್ಡ್ ಕೇಳುವುದು ಲಾಗಿನ್ ಪರದೆಗಿಂತ ಮುಂಚೆ. ಈ ಸೆಟ್ಟಿಂಗ್ ಅಲ್ಲಿ ನಡೆಯದು. ಆ ಒಂದು ಕಡೆ ಮೇಲಿನ ಸಾಲಿನ ಅಂಕಿಗಳನ್ನೇ ಬಳಸಿ.