ಥೆರಪಿಗೆ ಹೋದರೆ ಆದದ್ದನ್ನೆಲ್ಲ ಮತ್ತೆ ಹೇಳಲೇಬೇಕಾ?

ಅಪಘಾತವಾಗಿ ಎಂಟು ತಿಂಗಳಾದರೂ ರಾತ್ರಿ ಬೆಚ್ಚಿಬಿದ್ದು ಏಳುತ್ತೀರಿ, ಮನೆಯವರು "ಮರೆತುಬಿಡು" ಅನ್ನುತ್ತಾರೆ, ಥೆರಪಿಗೆ ಹೋಗೋಣ ಅಂದರೆ ಎಲ್ಲವನ್ನೂ ಮತ್ತೆ ಹೇಳಿಸುತ್ತಾರೇನೋ ಅಂತ ಭಯ. ನಿಮ್ಮ ಪ್ರಶ್ನೆ ಇದು, ಅಲ್ವಾ? ನಾನು ಡಾಕ್ಟರ್ ಅಲ್ಲ, ಇದೇ ಭಯ ಇಟ್ಟುಕೊಂಡು ಹೋಗಿ ಬಂದವನು. ಮೊದಲ ದಿನವೇ ಹೇಳಬೇಕಾಗಿಲ್ಲ. ಕೆಲವು ವಿಧಾನಗಳಲ್ಲಿ ಪೂರ್ತಿ ಬಿಡಿಸಿ ಹೇಳುವ ಅಗತ್ಯವೇ ಇಲ್ಲ.

ನನ್ನದು ಬಸ್ಸು. ರಾತ್ರಿ ಘಾಟಿ ಇಳಿಯುವಾಗ ಉರುಳಿತು. ಕಿಟಕಿ ಹತ್ತಿರ ಚಳಿ ಜಾಸ್ತಿ ಅಂತ ಪಕ್ಕದ ಹಿರಿಯರ ಜೊತೆ ಸೀಟು ಬದಲಾಯಿಸಿಕೊಂಡಿದ್ದೆ. ನನಗೆ ನಾಲ್ಕು ಹೊಲಿಗೆ, ಅವರಿಗೆ ಒಂದು ಕಾಲೇ ಹೋಯಿತು. ಆಮೇಲೆ ಡೀಸೆಲ್ ವಾಸನೆ ಬಂದರೆ ಸಾಕು, ಅಂಗೈ ಒದ್ದೆಯಾಗುತ್ತಿತ್ತು. ಅಜ್ಜಿ ದೃಷ್ಟಿ ತೆಗೆದರು, ತಾಯಿತ ಕಟ್ಟಿಸಿದರು. ಅದನ್ನು ಆಡಿಕೊಳ್ಳುವುದಿಲ್ಲ, ರಾತ್ರಿಯೆಲ್ಲ ಪಕ್ಕದಲ್ಲಿ ಕೂತಿದ್ದವರು ಅವರೊಬ್ಬರೇ. ಆದರೆ ನಾನು ಮೊದಲು ರಾತ್ರಿ ಬಸ್ಸು ಬಿಟ್ಟೆ, ಆಮೇಲೆ ಸಿಟಿ ಬಸ್ಸೂ ಬಿಟ್ಟೆ, ಕೊನೆಗೆ ತಮ್ಮನ ಮದುವೆಗೆ ಮಾತ್ರ ಹೇಗೋ ಹೋಗಿಬಂದೆ. ಬಿಟ್ಟಷ್ಟೂ ಭಯ ಬೆಳೆಯಿತು.

ಮೊದಲು ಸಿಕ್ಕ ಕೌನ್ಸೆಲರ್ ಅರ್ಧ ಗಂಟೆಯೊಳಗೇ "ಕಣ್ಣು ಮುಚ್ಚಿ, ಎಲ್ಲಾ ಹೇಳಿ" ಅಂದರು. ಹೇಳಿದೆ. ಮೂರು ರಾತ್ರಿ ನಿದ್ದೆ ಬರಲಿಲ್ಲ. ಮತ್ತೆ ಅಲ್ಲಿಗೆ ಹೋಗಲಿಲ್ಲ.

ಎರಡನೆಯವರು ಕ್ಲಿನಿಕಲ್ ಸೈಕಾಲಜಿಸ್ಟ್. ಶುರುವಿನಲ್ಲಿ ಬಸ್ಸಿನ ಮಾತೇ ಇಲ್ಲ. ಉಸಿರನ್ನು ನಿಧಾನ ಬಿಡುವ ಅಭ್ಯಾಸ, ನಿದ್ದೆ, ಮೈ ಯಾಕೆ ಹೀಗೆ ಆಡುತ್ತದೆ ಅನ್ನುವ ವಿವರಣೆ. ಆಮೇಲೆ ಇಬ್ಬರೂ ಸೇರಿ ಒಂದು ಪಟ್ಟಿ ಮಾಡಿದೆವು. ಎಷ್ಟು ಭಯ ಅಂತ ಪ್ರತಿಯೊಂದಕ್ಕೂ 0ಯಿಂದ 100ರೊಳಗೆ ಅಂಕ. ಬಸ್ ಸ್ಟಾಪಿನಲ್ಲಿ ನಿಲ್ಲುವುದಕ್ಕೆ 30, ಎರಡು ಸ್ಟಾಪ್ ಹೋಗುವುದಕ್ಕೆ 50, ಹಗಲಲ್ಲಿ ಹಾಸನಕ್ಕೆ 75, ರಾತ್ರಿ ಘಾಟಿ 100. ಕೆಳಗಿನಿಂದ ಒಂದೊಂದೇ ಮೆಟ್ಟಿಲು. ಜೊತೆಗೆ ನಡೆದದ್ದನ್ನು ಅವರೆದುರು ಹೇಳಿ, ರೆಕಾರ್ಡ್ ಮಾಡಿ, ಮನೆಯಲ್ಲಿ ದಿನಾ ಕೇಳಬೇಕು. ಇದು ಅಮೆರಿಕದ ಮನಶ್ಶಾಸ್ತ್ರಜ್ಞೆ ಎಡ್ನಾ ಫೋವಾ ರೂಪಿಸಿದ 'ಪ್ರೊಲಾಂಗ್ಡ್ ಎಕ್ಸ್‌ಪೋಷರ್'. ಸಾಮಾನ್ಯವಾಗಿ 8ರಿಂದ 15 ಸಲ ಕೂರಬೇಕು, ಸಲಕ್ಕೆ ಸುಮಾರು 90 ನಿಮಿಷ. ಮೊದಮೊದಲು ಹಿಂಸೆ, ಸುಳ್ಳು ಹೇಳಲ್ಲ. ಆದರೆ ಒಂದು ಹಂತದಲ್ಲಿ ನನ್ನ ರೆಕಾರ್ಡಿಂಗ್ ಕೇಳುತ್ತಾ ಆಕಳಿಸಿದೆ! ಹೇಳಿದ್ದಕ್ಕೆ ಅವರು ಖುಷಿಪಟ್ಟರು.

ಭಯ ಇಳಿದ ಮೇಲೂ ಸೀಟಿನ ವಿಷಯ ಉಳಿಯಿತು. ಆ ಕಾಲು ಹೋಗಬೇಕಿದ್ದದ್ದು ನನ್ನದು ಅಂತ ಅನ್ನಿಸುತ್ತಲೇ ಇತ್ತು. ಸೈಕಾಲಜಿಸ್ಟ್ ಸಮಾಧಾನ ಮಾಡಲು ಬರಲಿಲ್ಲ. "ಸೀಟು ಬದಲಾಯಿಸುವಾಗ ನಿಮಗೆ ಏನೇನು ಗೊತ್ತಿತ್ತು? ಬರೆಯಿರಿ" ಅಂದರು. ಬರೆದೆ. 'ಚಳಿ' ಅಂತ ಒಂದೇ ಪದ. ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ. ಹೀಗೆ ನಂಬಿಕೆಗಳನ್ನು ಬರೆದು ಪರೀಕ್ಷಿಸುವುದೂ ಒಂದು ಚಿಕಿತ್ಸೆಯೇ. ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ ಅನ್ನುತ್ತಾರೆ. ತಪ್ಪಿತಸ್ಥ ಭಾವ ಜಾಸ್ತಿ ಇರುವವರು ಇದನ್ನು ಕೇಳಿ ನೋಡಬಹುದು.

ಹೇಳಲು ಬಾಯೇ ಬರುವುದಿಲ್ಲ ಅಂದರೆ ಇಎಂಡಿಆರ್ ಅನ್ನುವ, ಕಣ್ಣಾಡಿಸುತ್ತಾ ಮಾಡುವ ಚಿಕಿತ್ಸೆ ಇದೆ. ಫ್ರಾನ್ಸೀನ್ ಶಪಿರೊ ಅನ್ನುವವರಿಗೆ 1987ರಲ್ಲಿ ಪಾರ್ಕಿನಲ್ಲಿ ನಡೆಯುವಾಗ ಹೊಳೆದದ್ದು. ಆ ಘಟನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಥೆರಪಿಸ್ಟ್ ಆಡಿಸುವ ಬೆರಳನ್ನು ಕಣ್ಣಲ್ಲಿ ಹಿಂಬಾಲಿಸಬೇಕು. ವಿವರವಾಗಿ ಹೇಳಬೇಕಾಗಿಲ್ಲ. ಕೇಳಿದರೆ ಮಂತ್ರ ಹಾಕಿದ ಹಾಗಿದೆ, ನನಗೂ ಹಾಗೇ ಅನ್ನಿಸಿತ್ತು. ಕಣ್ಣಾಡಿಸುವುದು ನಿಜಕ್ಕೂ ಬೇಕಾ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಆದರೆ ಒಟ್ಟು ಚಿಕಿತ್ಸೆಯಿಂದ ಗುಣ ಇದೆ ಅಂತ 2013ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡಿದೆ.

ಮಾತ್ರೆಗಳ ವಿಷಯ ಸೈಕಿಯಾಟ್ರಿಸ್ಟ್ ಹತ್ತಿರವೇ ಕೇಳಿ. ಯಾರೋ ಕೊಟ್ಟ ನಿದ್ದೆ ಮಾತ್ರೆ ಮಾತ್ರ ಬೇಡ.

ಥೆರಪಿಸ್ಟ್ ಹುಡುಕುವಾಗ ನೇರವಾಗಿ ಕೇಳಿ: ಆರ್‌ಸಿಐ (ಕ್ಲಿನಿಕಲ್ ಸೈಕಾಲಜಿಸ್ಟರನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇದೆಯಾ, ಆಘಾತಕ್ಕೆ ಯಾವ ವಿಧಾನ ಬಳಸುತ್ತೀರಿ, ನಾನು "ಸಾಕು" ಅಂದರೆ ನಿಲ್ಲಿಸುತ್ತೀರಾ? ಮೂರನೆಯ ಪ್ರಶ್ನೆಗೆ ಮುಖ ಸಿಂಡರಿಸಿದರೆ ಎದ್ದು ಬನ್ನಿ. ಬೆಂಗಳೂರು ಹತ್ತಿರವಾದರೆ ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ. ದೂರವಾದರೆ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ, 14416. ಕೇಂದ್ರ ಸರ್ಕಾರದ್ದು, ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಅಪಾಯಿಂಟ್‌ಮೆಂಟ್ ಅಂತ ಕಾಯಬೇಡಿ, ಈಗಲೇ ಆ ನಂಬರಿಗೆ ಫೋನ್ ಮಾಡಿ.

ಫೋನೆತ್ತಿದಾಗ ಏನು ಹೇಳಬೇಕು ಅಂತ ತೋಚದಿದ್ದರೆ, ಇಲ್ಲಿ ನೀವು ಬರೆದಿರುವ ಪ್ರಶ್ನೆಯನ್ನೇ ಓದಿ ಹೇಳಿ.